ಲಕ್ವ ಆದ ಮೇಲೆ ಮನಸ್ಸು ಮಂಕಾದರೆ: ವೈದ್ಯರೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ಈ ವಾರ ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುವವರು ಲಕ್ವ ಆದವರ ಚೇತರಿಕೆ ಮತ್ತು ಹಿರಿಯರ ಮಾನಸಿಕ ಆರೋಗ್ಯದ ಬಗ್ಗೆ ಕೆಲಸ ಮಾಡುವ ವೈದ್ಯೆ. ದಯವಿಟ್ಟು ರಿಪೋರ್ಟ್ ಫೋಟೋ ಹಾಕಬೇಡಿ, ಮಾತ್ರೆಯ ಡೋಸ್ ಕೇಳಬೇಡಿ.

ಪ್ರಶ್ನೆ (ತಿಪಟೂರು ಕಡೆಯ ಸದಸ್ಯೆ): ಅಪ್ಪನಿಗೆ 68. ಏಳು ತಿಂಗಳ ಹಿಂದೆ ಎಡಗಡೆಗೆ ಲಕ್ವ ಹೊಡೆಯಿತು. ಮೊದಮೊದಲು ಹುರುಪಿನಿಂದ ವ್ಯಾಯಾಮ ಮಾಡುತ್ತಿದ್ದರು. ಕೋಲು ಹಿಡಿದು ಕೊಟ್ಟಿಗೆವರೆಗೂ ಹೋಗಿ ಬರುತ್ತಿದ್ದರು. ಈಚೆಗೆ ಏನೂ ಬೇಡ ಅನ್ನುತ್ತಾರೆ. ಫಿಸಿಯೋದವರು ಬಂದರೆ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾರೆ. ಅಣ್ಣ ಇದನ್ನು ಹಠ ಅನ್ನುತ್ತಾನೆ. ಇನ್ನೊಂದು ವಿಷಯ, ಮೊಮ್ಮಗ ಸ್ಕೂಲಿನಿಂದ ಬಂದ ಕೂಡಲೇ ಅಳು ಬರುತ್ತದೆ, ಒಂದು ನಿಮಿಷದಲ್ಲಿ ನಿಂತೂ ಹೋಗುತ್ತದೆ. ವಯಸ್ಸಾದ ಮೇಲೆ ಹೀಗೇನಾ?

ಉತ್ತರ: ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಅಣ್ಣನಿಗೂ ಇದನ್ನು ಓದಿಸಿ.

ಲಕ್ವ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಬೇರೆ ಬೇರೆ ದೇಶಗಳಲ್ಲಿ ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಲೆಕ್ಕ ಇದು. ಕೆಲವರಿಗೆ ಮೊದಲ ತಿಂಗಳಲ್ಲೇ ಶುರುವಾಗುತ್ತದೆ. ಕೆಲವರಿಗೆ ನಿಮ್ಮ ಅಪ್ಪನ ಹಾಗೆ ತಡವಾಗಿ, ಊರಿನವರು ನೋಡಿಕೊಂಡು ಹೋಗುವುದು ನಿಂತ ಮೇಲೆ, 'ಇನ್ನು ಇಷ್ಟೇ' ಅಂತ ಅನ್ನಿಸುವ ಹೊತ್ತಿಗೆ. ಕೈಕಾಲು ಬಿದ್ದ ದುಃಖ ಒಂದು ಕಾರಣ. ಮಿದುಳಿಗೇ ಪೆಟ್ಟು ಬಿದ್ದಿರುವುದು ಇನ್ನೊಂದು. ಎರಡೂ ಸೇರಿಕೊಂಡಿರುತ್ತವೆ. ಆದ್ದರಿಂದ ಇದನ್ನು ಲಕ್ವದ ಜೊತೆಗೇ ಬಂದ ತೊಂದರೆ ಅಂತ ನೋಡಬೇಕು. ಬಿಪಿಗೆ ಹೇಗೆ ಚಿಕಿತ್ಸೆ ಕೊಡುತ್ತೇವೋ ಇದಕ್ಕೂ ಹಾಗೇ ಕೊಡಬೇಕು. ಖಿನ್ನತೆ ಇರುವವರು ವ್ಯಾಯಾಮ ಬಿಡುತ್ತಾರೆ, ಮಾತ್ರೆ ತಪ್ಪಿಸುತ್ತಾರೆ, ಚೇತರಿಕೆ ನಿಧಾನವಾಗುತ್ತದೆ. ಅವರಲ್ಲಿ ಸಾವಿನ ಪ್ರಮಾಣವೂ ಹೆಚ್ಚು.

ಇವತ್ತು ಸಂಜೆ ಬೇರೆ ಯಾರೂ ಇಲ್ಲದಾಗ ಪಕ್ಕದಲ್ಲಿ ಕೂತು ಎರಡು ಮಾತು ಕೇಳಿ. 'ಅಪ್ಪಾ, ಈ ಹದಿನೈದು ದಿನದಲ್ಲಿ ಯಾವುದರಲ್ಲೂ ಮನಸ್ಸಿಲ್ಲ ಅಂತ ಅನ್ನಿಸಿದೆಯಾ?' 'ಬೇಜಾರು, ಇನ್ನೇನಿದೆ ಅನ್ನೋ ಥರ ಆಗುತ್ತಿದೆಯಾ?' ಹೆಚ್ಚಿನ ದಿನಗಳಲ್ಲಿ ಹೌದು ಅಂದರೆ ವೈದ್ಯರಿಗೆ ತೋರಿಸಲೇಬೇಕು. 'ನಾನು ಇರಬಾರದಿತ್ತು', 'ನಿಮಗೆಲ್ಲ ಭಾರ ಆದೆ' ಅಂತ ಏನಾದರೂ ಅಂದರೆ, 'ಹಾಗೆಲ್ಲ ಅನ್ನಬಾರದು' ಅಂತ ಬಾಯಿ ಮುಚ್ಚಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಈಗ ಆ ಅಳು. ಮೊಮ್ಮಗನನ್ನು ನೋಡಿದ ತಕ್ಷಣ ಬಂದು ಒಂದೇ ನಿಮಿಷದಲ್ಲಿ ಹೋಗುವ ಅಳು ಖಿನ್ನತೆಯದೇ ಆಗಬೇಕಿಲ್ಲ. ಅಳು, ನಗುವನ್ನು ಹಿಡಿತದಲ್ಲಿಡುವ ಮಿದುಳಿನ ದಾರಿಗೆ ಪೆಟ್ಟಾದರೆ ಸಣ್ಣ ಖುಷಿಗೂ ಕಣ್ಣೀರು ಉಕ್ಕಿ ಬರುತ್ತದೆ. ಕೆಲವರಿಗೆ ನಗಬಾರದ ಕಡೆ ನಗು ಬಂದುಬಿಡುತ್ತದೆ. ಲಕ್ವ ಆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಅವರಿಗೇ ಇದರಿಂದ ಮುಜುಗರ, ಅದಕ್ಕೇ ಎಷ್ಟೋ ಜನ ಮದುವೆ ಮುಂಜಿಗೆ ಹೋಗುವುದನ್ನು ನಿಲ್ಲಿಸುತ್ತಾರೆ. ಅಳು ಬಂದಾಗ ಎಲ್ಲರೂ ಓಡಿ ಬಂದು ಸುತ್ತ ನಿಲ್ಲಬೇಡಿ. ಮಾತು ಮುಂದುವರಿಸಿ, ಒಂದು ಲೋಟ ನೀರು ಕೊಡಿ. ಹುಡುಗನಿಗೂ ಹೇಳಿ: ತಾತ ನಿನ್ನನ್ನು ನೋಡಿ ದುಃಖಪಡುತ್ತಿಲ್ಲ, ಆ ಅಳು ತಾನಾಗಿ ಬರುತ್ತದೆ ಅಂತ. ಇದಕ್ಕೂ ಔಷಧಿ ಇದೆ.

ವ್ಯಾಯಾಮ ಬೇಡ ಅನ್ನುವುದಕ್ಕೆ ನೋವು ಕಾರಣವಾ ಅಂತಲೂ ನೋಡಿ. ಬಲ ಕಳೆದುಕೊಂಡ ಕೈಯ ಭುಜದ ಕೀಲು ಸಡಿಲವಾಗಿರುತ್ತದೆ. ಹಾಸಿಗೆಯಿಂದ ಎಬ್ಬಿಸುವಾಗ ಅದೇ ಕೈ ಹಿಡಿದು ಎಳೆದರೆ, ಕಂಕುಳಿಗೆ ಕೈ ಹಾಕಿ ಎತ್ತಿದರೆ ಭುಜ ಇನ್ನಷ್ಟು ಜಾರುತ್ತದೆ, ರಾತ್ರಿಯೆಲ್ಲ ನೋವು. ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟು ಅಥವಾ ಸೊಂಟದ ಬಳಿ ಹಿಡಿದು ಎಬ್ಬಿಸಿ. ಕೂತಾಗ ಆ ಕೈ ಜೋತು ಬೀಳದ ಹಾಗೆ ದಿಂಬಿನ ಮೇಲಿಡಿ. ಭುಜ ಮುಟ್ಟಿದರೆ ಮುಖ ಕಿವುಚುತ್ತಾರಾ ಅಂತ ಗಮನಿಸಿ, ಹೌದಾದರೆ ಫಿಸಿಯೋದವರಿಗೆ ಮೊದಲು ಇದನ್ನೇ ಹೇಳಿ.

ಪ್ರಶ್ನೆ (ದಾವಣಗೆರೆ): ನಮ್ಮ ಮಾವನಿಗೆ ಲಕ್ವ ಆದಾಗ ಫ್ಲುಯೊಕ್ಸೆಟಿನ್ ಬರೆದಿದ್ದರು. ಅದು ಮನಸ್ಸಿನ ಮಾತ್ರೆ ಅಲ್ವಾ? ಕೈಕಾಲಿಗೆ ಶಕ್ತಿ ಬರುತ್ತದೆ ಅಂತಲೂ ಯಾರೋ ಹೇಳಿದರು. ನಿಜಾನಾ?

ಉತ್ತರ: ಆ ಮಾತು ಎಲ್ಲಿಂದ ಬಂತು ಅಂತ ಹೇಳುತ್ತೇನೆ. 2011ರಲ್ಲಿ ಫ್ರಾನ್ಸಿನಲ್ಲಿ 118 ರೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಹೆಸರು ಫ್ಲೇಮ್. ಮೂರು ತಿಂಗಳು ಈ ಮಾತ್ರೆ ತೆಗೆದುಕೊಂಡವರ ಕೈಕಾಲು ಇತರರಿಗಿಂತ ಚೆನ್ನಾಗಿ ಸುಧಾರಿಸಿದ್ದು ಕಂಡಿತು. ಎಲ್ಲರಿಗೂ ಆಸೆ ಹುಟ್ಟಿತು. ಅನೇಕ ವೈದ್ಯರು ಖಿನ್ನತೆ ಇಲ್ಲದವರಿಗೂ ಬರೆಯತೊಡಗಿದರು.

ಆದರೆ 118 ಜನ ಸಾಲದು. ಬ್ರಿಟನ್ನಿನಲ್ಲಿ 3127 ರೋಗಿಗಳ ಮೇಲೆ ಫೋಕಸ್ ಎಂಬ ಪ್ರಯೋಗ ಮಾಡಿದರು, ಫಲಿತಾಂಶ 2018ರ ಕೊನೆಗೆ ಬಂತು. ಆರು ತಿಂಗಳು ಮಾತ್ರೆ ಕೊಟ್ಟರೂ ನಡೆದಾಡುವುದು, ತಮ್ಮ ಕೆಲಸ ತಾವು ಮಾಡಿಕೊಳ್ಳುವುದು ಇದ್ಯಾವುದರಲ್ಲೂ ವ್ಯತ್ಯಾಸ ಇಲ್ಲ. ಹೊಸದಾಗಿ ಖಿನ್ನತೆ ಬರುವುದು ಮಾತ್ರ ಸ್ವಲ್ಪ ಕಡಿಮೆಯಾಯಿತು, ಸುಮಾರು ಶೇ 17 ಇದ್ದದ್ದು ಶೇ 13ಕ್ಕೆ. ಆದರೆ ಮೂಳೆ ಮುರಿದವರ ಸಂಖ್ಯೆ ಹೆಚ್ಚುಕಮ್ಮಿ ಎರಡು ಪಟ್ಟಾಯಿತು, ಶೇ 1.5ರಿಂದ ಶೇ 3ರ ಹತ್ತಿರಕ್ಕೆ. 2020ರಲ್ಲಿ ಸ್ವೀಡನ್‌ನಿಂದ ಒಂದು, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ವಿಯೆಟ್ನಾಂ ಸೇರಿ ಇನ್ನೊಂದು, ಹೀಗೆ ಮತ್ತೆರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಅಲ್ಲೂ ಕೈಕಾಲಿನ ಚೇತರಿಕೆಗೆ ಲಾಭ ಸಿಗಲಿಲ್ಲ. ದೊಡ್ಡ ಸಂಖ್ಯೆಯಲ್ಲಿ ಜನರನ್ನು ಸೇರಿಸಿ ಪರೀಕ್ಷೆ ಮಾಡುವುದು ಯಾಕೆ ಬೇಕು ಅನ್ನುವುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಇದೇ.

ಹಾಗಾಗಿ ಕೈಕಾಲಿನ ಶಕ್ತಿಗೆ ಅಂತ ಈ ಮಾತ್ರೆ ಬೇಡ. ಖಿನ್ನತೆ ಇದೆ ಅಂತ ನಿರ್ಧಾರವಾದರೆ ಇಂಥ ಮಾತ್ರೆಗಳು ಕೆಲಸಕ್ಕೆ ಬರುತ್ತವೆ, ಆಗ ಹೆದರಿ ಬಿಡಬೇಡಿ. ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದ್ದರೆ ವೈದ್ಯರಿಗೆ ನೆನಪಿಸಿ, ಎರಡೂ ಸೇರಿದಾಗ ರಕ್ತಸ್ರಾವದ ಅಪಾಯ ಸ್ವಲ್ಪ ಜಾಸ್ತಿ. ವಯಸ್ಸಾದವರಲ್ಲಿ ಸೋಡಿಯಂ ಇಳಿಯುವುದೂ ಉಂಟು, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ನೀವಾಗೇ ತಟ್ಟನೆ ನಿಲ್ಲಿಸಬೇಡಿ.

ಪ್ರಶ್ನೆ (ಕಲಬುರಗಿ): ಆರು ತಿಂಗಳು ದಾಟಿದರೆ ಇನ್ನು ಸುಧಾರಿಸಲ್ಲ ಅಂತಾರಲ್ಲ?

ಉತ್ತರ: ಮೊದಲ ಮೂರು ತಿಂಗಳಲ್ಲಿ ಬದಲಾವಣೆ ವೇಗವಾಗಿ ಆಗುತ್ತದೆ, ಆಮೇಲೆ ನಿಧಾನ. ನಿಧಾನ ಅಂದರೆ ನಿಂತೇಹೋಯಿತು ಅಂತ ಅರ್ಥ ಅಲ್ಲ. ವರ್ಷ ಕಳೆದ ಮೇಲೂ ನಡಿಗೆ, ಮಾತು ಸುಧಾರಿಸಿದವರಿದ್ದಾರೆ. ಈ 'ಆರು ತಿಂಗಳ ಗಡುವು' ಹೇಳಿ ಹೇಳಿಯೇ ಎಷ್ಟೋ ಜನರ ಮನಸ್ಸು ಮುರಿಯುತ್ತದೆ. ರೋಗಿಯ ಎದುರು ದಯವಿಟ್ಟು ಈ ಮಾತು ಆಡಬೇಡಿ.

ಪ್ರಶ್ನೆ (ಮೈಸೂರು): ಅಮ್ಮನಿಗೆ ಲಕ್ವದಿಂದ ಮಾತೇ ಹೋಗಿದೆ. ನೀವು ಹೇಳಿದ ಎರಡು ಪ್ರಶ್ನೆ ಕೇಳಿದರೆ ಉತ್ತರ ಹೇಳೋದು ಹೇಗೆ?

ಉತ್ತರ: ಸಂಶೋಧನೆಯಲ್ಲೂ ಇದು ದೊಡ್ಡ ಕೊರತೆ. ಎಷ್ಟೋ ಅಧ್ಯಯನಗಳು ಮಾತು ಹೋದವರನ್ನು ಪಟ್ಟಿಯಿಂದಲೇ ಕೈಬಿಟ್ಟಿವೆ, ಪ್ರಶ್ನೆಗೆ ಉತ್ತರ ಕೊಡಲಾರರು ಅನ್ನುವ ಕಾರಣಕ್ಕೆ. ಖಿನ್ನತೆಯ ಸಾಧ್ಯತೆ ಇಂಥವರಲ್ಲೇ ಜಾಸ್ತಿ, ಹಾಗಿದ್ದೂ ಲೆಕ್ಕದಿಂದ ಹೊರಗೆ ಉಳಿದವರು ಇವರೇ. ನನಗೆ ಇದು ತುಂಬಾ ನೋವಿನ ವಿಷಯ.

ಮನೆಯವರು ನೋಡಿ ತುಂಬುವ ಪ್ರಶ್ನಾವಳಿಗಳಿವೆ. ಅವುಗಳಲ್ಲಿ ಕೇಳುವುದು ನೀವು ದಿನಾ ಕಾಣುವುದನ್ನೇ. ರಾತ್ರಿ ನಿದ್ದೆ ಕೆಡುತ್ತದೆಯಾ? ಕಣ್ಣಲ್ಲಿ ಕಣ್ಣಿಟ್ಟು ನೋಡುವುದನ್ನು ತಪ್ಪಿಸುತ್ತಾರಾ? ಜನ ಬಂದರೆ ಒಳಗೆ ಹೋಗುತ್ತಾರಾ? ಸುಮ್ನೆ ಕೂತಲ್ಲೇ ಕೂತಿರುತ್ತಾರಾ? ಒಂದು ವಾರ ಗಮನಿಸಿ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ನೀವು ಮೈಸೂರಲ್ಲೇ ಇದ್ದೀರಿ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. ಲಕ್ವದಿಂದ ಮಾತು ಹೋದವರನ್ನು ಕನ್ನಡದಲ್ಲೇ ಪರೀಕ್ಷಿಸಿ ತರಬೇತಿ ಕೊಡುವವರು ಅಲ್ಲಿದ್ದಾರೆ. ಮಾತು ಹೋಗಿದೆ ಅಂದರೆ ಬುದ್ಧಿ ಹೋಗಿದೆ ಅಂತಲ್ಲ. ಅಮ್ಮನ ಎದುರೇ ಅವರ ಬಗ್ಗೆ ಬೇರೆಯವರ ಹತ್ತಿರ ಮಾತಾಡಬೇಡಿ, ಅವರಿಗೇ ಹೇಳಿ.

ಪ್ರಶ್ನೆ (ಶ್ರೀನಿವಾಸಪುರ): ನಮ್ಮ ತಾಲೂಕಿನಲ್ಲಿ ಬೆಂಗಳೂರಿನವರು ಬಂದು ವಯಸ್ಸಾದವರನ್ನು ಕರೆದುಕೊಂಡು ಹೋಗಿ ರಕ್ತ, ಸ್ಕ್ಯಾನು, ನೆನಪಿನ ಪರೀಕ್ಷೆ ಎಲ್ಲ ಮಾಡುತ್ತಾರೆ. ನಮ್ಮ ಅತ್ತೆಗೆ ಕಾಯಿಲೆಯೇ ಇಲ್ಲ. ಚೆನ್ನಾಗಿರೋರನ್ನು ಯಾಕೆ ಪರೀಕ್ಷೆ ಮಾಡಬೇಕು?

ಉತ್ತರ: ಈ ಪ್ರಶ್ನೆ ಕೇಳಿದ್ದು ನನಗೆ ತುಂಬಾ ಖುಷಿಯಾಯಿತು. ಅದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಅಧ್ಯಯನ ಇರಬೇಕು. 2018ರಲ್ಲಿ ಶುರುವಾದದ್ದು. ನಿಮ್ಮ ತಾಲೂಕಿನ ಹಳ್ಳಿಗಳಿಂದ 45 ದಾಟಿದ 10,000 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಗಮನಿಸುವುದು ಗುರಿ. ಚೆನ್ನಾಗಿರುವವರನ್ನು ಈಗಲೇ ನೋಡಿದರೆ ಮಾತ್ರ ಮುಂದೆ ಯಾರಿಗೆ ಮರೆವಿನ ಕಾಯಿಲೆ ಬಂತು, ಯಾರಿಗೆ ಬರಲಿಲ್ಲ, ಮೊದಲು ಏನೇನು ಬದಲಾಯಿತು ಅಂತ ತಿಳಿಯಲು ಸಾಧ್ಯ. ಕಾಯಿಲೆ ಬಂದ ಮೇಲೆ ನೋಡಿದರೆ ಬಿಪಿ, ಸಕ್ಕರೆ, ಒಂಟಿತನ, ಮನಸ್ಸಿನ ಬೇಸರ ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಾಗುವುದಿಲ್ಲ.

ಇಂಥ ಅಧ್ಯಯನಗಳು ಬಹುಪಾಲು ನಡೆದಿರುವುದು ಅಮೆರಿಕ, ಯುರೋಪಿನಲ್ಲಿ. ಸ್ಕೂಲಿಗೆ ಹೋಗದ, ರಾಗಿ ಹೊಲದಲ್ಲಿ ಜೀವನ ಕಳೆದ ಹೆಣ್ಣುಮಗಳ ಮಿದುಳು ಹೇಗೆ ಮುಪ್ಪಾಗುತ್ತದೆ ಅಂತ ಅಲ್ಲಿನ ಲೆಕ್ಕದಿಂದ ತಿಳಿಯುವುದು ಕಷ್ಟ. ನಿಮ್ಮ ಅತ್ತೆಯಂಥವರು ಕೊಟ್ಟ ಸಮಯಕ್ಕೆ ಬೆಲೆ ಇರುವುದು ಅದಕ್ಕೇ. ಆದರೆ ಒಪ್ಪಿಗೆ ಅವರದೇ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ಏನು ಬೇಕಾದರೂ ಕೇಳಬಹುದು.

ಇಡೀ ದೇಶದ ಮಟ್ಟದಲ್ಲಿ ಲಾಸಿ ಅಂತ ಒಂದು ಸಮೀಕ್ಷೆ ಇದೆ. ಮೊದಲ ಸುತ್ತು 2017–18ರಲ್ಲಿ ನಡೆಯಿತು, 72 ಸಾವಿರಕ್ಕೂ ಜಾಸ್ತಿ ಜನರನ್ನು ಮಾತಾಡಿಸಿದರು. ಅದರ ಒಂದು ಅಂಕಿ ಈ ಗುಂಪಿನ ಎಲ್ಲರಿಗೂ ತಿಳಿದಿರಬೇಕು. 60 ದಾಟಿದವರನ್ನು ಸರಿಯಾದ ಪ್ರಶ್ನೆ ಹಾಕಿ ಕೇಳಿದಾಗ ಶೇ 8ಕ್ಕೂ ಹೆಚ್ಚು ಜನರಲ್ಲಿ ಖಿನ್ನತೆಯ ಲಕ್ಷಣ ಕಂಡಿತು. 'ವೈದ್ಯರು ಖಿನ್ನತೆ ಇದೆ ಅಂದಿದ್ದಾರೆ' ಎಂದವರು ಶೇ 1 ಕೂಡ ಇಲ್ಲ. ಉಳಿದವರನ್ನು ಯಾರೂ ಕೇಳೇ ಇಲ್ಲ. ಲಕ್ವ ಆದವರ ಮನೆಗೆ ಬಂದವರೆಲ್ಲ 'ಕೈ ಎತ್ತುತ್ತಾರಾ, ನಡೀತಾರಾ' ಅಂತ ಕೇಳುತ್ತಾರೆ. ಮನಸ್ಸು ಹೇಗಿದೆ ಅಂತ ಮನೆಯವರೂ ಕೇಳಲ್ಲ, ಆಸ್ಪತ್ರೆಯಲ್ಲೂ ಎಷ್ಟೋ ಸಲ ಕೇಳಲ್ಲ.

ಪ್ರಶ್ನೆ (ಹೆಸರು ಬೇಡ ಎಂದ ಸದಸ್ಯೆ): ಅತ್ತೆಯನ್ನು ಒಂದು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಈಗ ನನಗೇ ನಿದ್ದೆ ಇಲ್ಲ, ಸಣ್ಣದಕ್ಕೂ ರೇಗುತ್ತೇನೆ, ಆಮೇಲೆ ಅಳುತ್ತೇನೆ. ಯಾರಿಗೂ ಹೇಳೋಕಾಗಲ್ಲ.

ಉತ್ತರ: ಹೇಳಿದ್ದು ಒಳ್ಳೆಯದಾಯಿತು. ಇದು ನಿಮ್ಮ ಸ್ವಭಾವದ ದೋಷ ಅಲ್ಲ. ನೋಡಿಕೊಳ್ಳುವವರಲ್ಲೂ ಖಿನ್ನತೆ ಸಾಮಾನ್ಯ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ನಮ್ಮ ದೇಶದಲ್ಲೇ ಅಟೆಂಡ್ ಎಂಬ ಪ್ರಯೋಗ ನಡೆಯಿತು. 14 ಆಸ್ಪತ್ರೆಗಳು, 1250 ರೋಗಿಗಳು, ಫಲಿತಾಂಶ 2017ರಲ್ಲಿ. ಫಿಸಿಯೋದವರ ಕೊರತೆ ಇರುವ ಕಡೆ ಮನೆಯವರಿಗೇ ತರಬೇತಿ ಕೊಟ್ಟರೆ ರೋಗಿಗಳು ಬೇಗ ಸುಧಾರಿಸುತ್ತಾರಾ ಅಂತ ನೋಡಿದರು. ಆರು ತಿಂಗಳ ನಂತರ ಎರಡೂ ಗುಂಪು ಒಂದೇ ಥರ ಇದ್ದವು. ಮನೆಯವರು ನೋಡಿಕೊಳ್ಳುವುದು ವ್ಯರ್ಥ ಅಂತ ಇದರ ಅರ್ಥ ಅಲ್ಲ. ತರಬೇತಿ ಪಡೆದ ಸಿಬ್ಬಂದಿಯ ಕೆಲಸವನ್ನೂ ಮನೆಯ ಹೆಂಗಸರ ಹೆಗಲಿಗೆ ಹಾಕಿ ಸರ್ಕಾರ, ಆಸ್ಪತ್ರೆಗಳು ಸುಮ್ಮನಾಗಬಾರದು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಅತ್ತೆ ಇನ್ನೂ ಸುಧಾರಿಸಿಲ್ಲ ಅಂತ ನಿಮ್ಮನ್ನು ನೀವೇ ದೂರಿಕೊಳ್ಳಬೇಡಿ.

ಇವತ್ತೇ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಗಂಡನಿಗೋ ನಾದಿನಿಗೋ ವಾರಕ್ಕೆ ಎರಡು ಮಧ್ಯಾಹ್ನ ಅತ್ತೆಯ ಜವಾಬ್ದಾರಿ ವಹಿಸಿ. ಸಹಾಯ ಮಾಡಿ ಅಂತ ಹೇಳಿದರೆ ಸಾಲದು, ಇಂಥ ದಿನ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತು ಅಂತ ಹೇಳಿ.

ಮತ್ತೆ ತಿಪಟೂರು ಕಡೆಯ ಸದಸ್ಯೆ: ಮೇಡಂ, ಅಪ್ಪನನ್ನು ಕೇಳಿದೆ. ಎರಡಕ್ಕೂ ತಲೆ ಆಡಿಸಿದರು. ಸಾಯುವ ಯೋಚನೆ ಇಲ್ಲ ಅಂದರು. ಭುಜ ಮುಟ್ಟಿದರೆ ನೋವು ಅನ್ನುತ್ತಾರೆ. ಬೆಂಗಳೂರಿಗೇ ಕರೆದುಕೊಂಡು ಬರಬೇಕಾ?

ಉತ್ತರ: ಈಗಲೇ ಬೇಡ. ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಬರುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಡಿಸ್ಚಾರ್ಜ್ ಕಾರ್ಡು, ಈಗ ನುಂಗುತ್ತಿರುವ ಎಲ್ಲ ಮಾತ್ರೆಯ ಪಟ್ಟಿ ತೆಗೆದುಕೊಂಡು ಹೋಗಿ. ಥೈರಾಯ್ಡ್, ಬಿ12 ನೋಡಿಸಬೇಕಾ ಅಂತ ಕೇಳಿ, ಅವು ಕಡಿಮೆಯಾದರೂ ಮನಸ್ಸು ಮಂಕಾಗುತ್ತದೆ. ಭುಜದ ನೋವನ್ನೂ ಅದೇ ದಿನ ತೋರಿಸಿ. ಅಣ್ಣನನ್ನು ಜೊತೆಗೆ ಕರೆದುಕೊಂಡು ಹೋಗಿ, ವೈದ್ಯರು ಹೇಳುವುದನ್ನು ಅವರೂ ಕೇಳಲಿ. ಆ ಮಂಗಳವಾರದ ಒಳಗೆ 'ಸಾಕಾಯಿತು' ಅನ್ನುವಂಥ ಮಾತು ಬಂದರೆ ಮಾತ್ರ ಕಾಯಬೇಡಿ, ಜಿಲ್ಲಾ ಆಸ್ಪತ್ರೆಗೆ ಹೊರಡಿ.