ಫ್ಯಾಮಿಲಿ ಗ್ರೂಪಿನ್ಯಾಗ ಝೆಲೆನ್‌ಸ್ಕಿ ಫೋಟೊ

ಬಸು ಕಾಕಾ, ಗಂಗಾವತಿ: ಫೋಟೊ ನೋಡ್ರಿ ಎಲ್ಲಾರೂ. ಉಕ್ರೇನ್ ದೇಶ ಸುಡಾಕತ್ತೈತಿ, ಅದರ ಅಧ್ಯಕ್ಷ ಈ ಮಹಾರಾಯ ಹೆಂಡ್ತಿ ಜೋಡಿ ಪೋಸ್ ಕೊಡಾಕತ್ತಾನ. ನಾಟಕದವನ ಕೈಯಾಗ ದೇಶ ಕೊಟ್ರ ಹಿಂಗ ಆಗೋದು

ಪಮ್ಮಿ: ಕಾಕಾ ಇದು ಇವತ್ತಿಂದಲ್ಲ, 2022 ಜುಲೈದು. ವೋಗ್ ಮ್ಯಾಗಝಿನ್‌ಗೆ ಆ್ಯನಿ ಲೀಬೊವಿಟ್ಜ್ ತಗದಿದ್ದು

ಬಸು ಕಾಕಾ: ಯಾವಾಗಿಂದಾರ ಇರ್ಲಿ. ತಗಸ್ಕೊಂಡಾನೋ ಇಲ್ಲೊ

ಪಮ್ಮಿ: ತಗಸ್ಕೊಂಡಾನ. ಅದರಾಗ ತಪ್ಪೇನೈತಿ? ಅದ ವರ್ಷ ಫೆಬ್ರುವರಿ 25ರ ರಾತ್ರಿದು ವಿಡಿಯೊ ನೆನಪೈತಾ? ಓಡಿ ಹೋದ ಅಂತ ಸುದ್ದಿ ಹಬ್ಬಿಸಿದ್ರು, ಆಫೀಸಿನ ಹೊರಗ ರೋಡಿನ್ಯಾಗ ಕತ್ತಲದಾಗ ನಿಂತು ತನ್ನ ಕೈಯಾಗ ಫೋನ್ ಹಿಡ್ಕೊಂಡು ಪ್ರಧಾನಿ ಇಲ್ಲೇ ಅದಾರ, ಇವರಿಲ್ಲೇ ಅದಾರ, ಅಧ್ಯಕ್ಷನೂ ಇಲ್ಲೇ ಅದಾನ ಅಂತ ಒಬ್ಬೊಬ್ಬರನ್ನ ತೋರಿಸ್ದ. ಅರ್ಧ ನಿಮಿಷದ್ದು ವಿಡಿಯೊ. ರಷ್ಯಾ ಸೈನ್ಯ ಕೀವ್ ಹತ್ರ ಬಂದಿತ್ತು ಆವಾಗ. ನೀವಾದ್ರ ನಿಲ್ತಿದ್ರ್ಯಾ? ಸಣ್ಣ ದೇಶಕ್ಕ ಹೊರಗಿನವರು ಮದ್ದುಗುಂಡು ಕೊಡಬೇಕಂದ್ರ ಮುಖ ಕಾಣಸ್ತಿರಬೇಕು, ಅದೂ ಯುದ್ಧಾನ

ಮಲ್ಲಿಕಾರ್ಜುನ ಮಾಮ, ಸಿಂಧನೂರು: ನಮ್ಮ ಶಾಸ್ತ್ರೀಜಿ ನೋಡ್ರಿ. 1965ರಾಗ ಧೋತರ ಉಟ್ಗೊಂಡ ಗಿಡ್ಡ ಮನಷ್ಯಾ, ಸೆಪ್ಟೆಂಬರ್ 6ಕ್ಕ ಲಾಹೋರ್ ಕಡೆ ಸೈನ್ಯ ದಾಟಿಸಿಬಿಟ್ರು. ಅಮೆರಿಕಾದ ಪಿಎಲ್ 480 ಅನ್ನೋ ನೆರವಿನ ಗೋಧಿ ಮ್ಯಾಲೆ ದೇಶ ಉಣ್ತಿತ್ತು ಆವಾಗ. ಸೋಮವಾರ ಒಪ್ಪತ್ತು ಇರ್ರಿ ಅಂದ್ರು, ಮಂದಿ ಇದ್ರು. ಪೋಸೂ ಇಲ್ಲ ಗೀಸೂ ಇಲ್ಲ

ಪಮ್ಮಿ: ಮಾಮ, ಒಪ್ಪತ್ತು ಇರ್ರಿ ಅನ್ನೋದೂ ಒಂದು ಪ್ರಚಾರಾನ. ಜೈ ಜವಾನ್ ಜೈ ಕಿಸಾನ್ ಅಂದ್ರ ಏನು ಮತ್ತ

ಮಲ್ಲಿಕಾರ್ಜುನ ಮಾಮ: ಅವರು ಮೊದಲು ತಮ್ಮ ಮನ್ಯಾಗ ಒಲಿ ಆರಿಸಿ ಆಮ್ಯಾಲೆ ಮಂದಿಗೆ ಹೇಳಿದ್ರು ಅಂತಾರಪ್ಪ, ಫರಕ್ ಐತಿ

ಬಸು ಕಾಕಾ: ಹಾಂ ಅದನ್ನ ಕೇಳು ನಿನ್ನ ಹೀರೊಗ. ಸೈನಿಕರ ತತ್ತಿ ಕಥಿ ಗೊತ್ತೈತಿಲ್ಲೊ? 2023 ಜನವರಿ. ಅಂಗಡ್ಯಾಗ 7 ಹ್ರಿವ್ನಿಯಾ (ಅಲ್ಲಿಯ ರೊಕ್ಕ) ಸನೇಕ ಸಿಗೋ ತತ್ತಿಗೆ ಡಿಫೆನ್ಸ್‌ನವರು 17 ಹಾಕಿ ಕಾಂಟ್ರ್ಯಾಕ್ಟ್ ಮಾಡ್ಯಾರ ಅಂತ ಅಲ್ಲಿ ಪೇಪರ್‌ನವರ ಬರದ್ರು. ಡೆಪ್ಯೂಟಿ ಮಿನಿಸ್ಟರ್ ರಾಜೀನಾಮೆ, ಸೆಪ್ಟೆಂಬರ್‌ಗೆ ಮಿನಿಸ್ಟರ್ ರೆಜ್ನಿಕೊವ್‌ನೂ ಹೋದ. 2025 ನವೆಂಬರ್‌ದಾಗ ಎನರ್ಗೊಆಟಮ್‌ದು ಬಂತು, ಅಣುವಿದ್ಯುತ್ ಕಂಪನಿ, ಕಾಂಟ್ರ್ಯಾಕ್ಟರ್‌ಗಳ ಕಡಿಂದ 10ರಿಂದ 15 ಪರ್ಸೆಂಟ್, ಒಟ್ಟು 10 ಕೋಟಿ ಡಾಲರ್ ಲೆಕ್ಕ. ಆರೋಪ ಯಾರ ಮ್ಯಾಲೆ? ಮಿಂಡಿಚ್ ಅಂತ, ಇವನ ಹಳೇ ಕಾಮಿಡಿ ಕಂಪನಿ ಪಾಲುದಾರ, ರೇಡ್ ಬೀಳೋದ್ರೊಳಗ ದೇಶ ಬಿಟ್ಟು ಪರಾರಿ. ಚಳಿಗಾಲದಾಗ ಮಂದಿ ಕರೆಂಟ್ ಇಲ್ದ ಕುಂತಾರ ಅಲ್ಲಿ. ಈಗ ಹೇಳು ಯುದ್ಧದಾಗ ಅವ ಹಾಕ್ಕೊಂಡು ತಿರಗಿದ ಹಸಿರು ಟೀಶರ್ಟ್ ಬಗ್ಗೆ

ಪಮ್ಮಿ: ಪರ್ಸೆಂಟೇಜ್ ಲೆಕ್ಕ ನಮ್ಮ ಕಡೆಯವರಿಗೆ ಕಲಸ್ತೀರೇನ್ರಿ ಕಾಕಾ 😂

ಶಾಂತಕ್ಕ, ಕುಷ್ಟಗಿ: ಇಬ್ಬರೂ ಅರ್ಧರ್ಧ ಹಿಡ್ಕೊಂಡು ಜಗ್ಯಾಡಾಕತ್ತೀರಿ. ಪಮ್ಮಿ, ನೀ ಹೇಳಿದ ರಾತ್ರಿ ವಿಡಿಯೊ ಇನ್ನೊಮ್ಮೆ ನೋಡು, ಆಜೂಬಾಜೂ ನಿಂತಾರಲ್ಲ ಅದರಾಗೊಬ್ಬ ಯೆರ್ಮಾಕ್, ಅಧ್ಯಕ್ಷನ ಆಫೀಸಿನ ಮುಖ್ಯಸ್ಥ. 2025 ನವೆಂಬರ್ 28ಕ್ಕ ಅವನ ಮನಿ ಮ್ಯಾಲ ರೇಡ್ ಬಿತ್ತು, ಅವತ್ತ ರಾಜೀನಾಮೆ. ಅಂದ್ರ ಆ ರಾತ್ರಿ ಕೀವ್ ಬಿಟ್ಟು ಹೋಗಲಿಲ್ಲ ಅನ್ನೋದೂ ಖರೆ, ಮುಂದ ರೇಡ್ ಬಿತ್ತು ಅನ್ನೋದೂ ಖರೆ, ಒಂದಕ್ಕೊಂದು ವಜಾ ಆಗಂಗಿಲ್ಲ. ಆದ್ರ ಕಾಕಾ, ಆ ರೇಡ್ ಮಾಡಿದವರು ಯಾರು? ರಷ್ಯಾದವರಲ್ಲ, ಅಲ್ಲಿಯ ನಾಬು, ಅಂದ್ರ ನಮ್ಮ ಲೋಕಾಯುಕ್ತ ಇದ್ದಂಗ. 2025 ಜುಲೈ 22ಕ್ಕ ಅದರ ಹಲ್ಲು ಕೀಳೋ ಕಾನೂನಿಗೆ ಝೆಲೆನ್‌ಸ್ಕಿನ ಸಹಿ ಹಾಕಿದ್ದ. ಅವತ್ತ ರಾತ್ರಿ ಹುಡುಗ್ರು ಹುಡುಗ್ಯಾರು ರಟ್ಟಿನ ಡಬ್ಬಿ ಹರದು ಸ್ಕೆಚ್ ಪೆನ್ನಿಲೆ ಬರಕೊಂಡು ಬೀದಿಗಿಳದ್ರು, ಡ್ರೋನ್ ಬೀಳೋ ಊರಾಗ. ಜುಲೈ 31ಕ್ಕ ಪಾರ್ಲಿಮೆಂಟ್ ಕಾನೂನು ವಾಪಸ್ ತಗೊಂತು. ಯುದ್ಧ ನಡದೈತಿ ಈಗ ಕೇಳಬಾರ್ದು ಅಂತ ಅವರು ಮನ್ಯಾಗ ಕುಂತಿದ್ರ ನವೆಂಬರ್ ರೇಡೂ ಇಲ್ಲ, ನಿಮ್ಮ ಈ ಪರ್ಸೆಂಟ್ ಲೆಕ್ಕಾನೂ ನಿಮ್ಮ ಫೋನಿಗೆ ಬರ್ತಿರಲಿಲ್ಲ. ನಾ ನೋಡೋದು ಅಷ್ಟ, ಫೋಟೊ ಹೆಂಗ ತಗಸ್ಕೊಂಡ ಅಂತಲ್ಲ, ಆ ಫೋಟೊ ಮುಂದ ನಿಂತು ಮಂದಿ ಬೈಬಹುದೋ ಇಲ್ಲೊ, ಬೈದ್ರ ಏನಾರ ಬದಲಾಗ್ತೈತೋ ಇಲ್ಲೊ

ಮಲ್ಲಿಕಾರ್ಜುನ ಮಾಮ: 👌 ಟೀಚರ್ ಕ್ಲಾಸ್ ಶುರು ಆತು

ಬಸು ಕಾಕಾ: ಹಂಗಾದ್ರ ಎಲೆಕ್ಷನ್ ಯಾಕ ಮಾಡಂಗಿಲ್ಲ? 2024 ಮೇದಾಗ 5 ವರ್ಷ ಮುಗದಾವು

ಶಾಂತಕ್ಕ: ಮಾರ್ಷಲ್ ಲಾ ಇದ್ದಾಗ ಎಲೆಕ್ಷನ್ ಇಲ್ಲ ಅಂತ ಅವರ ಕಾನೂನು ಐತಿ. ಬ್ರಿಟನ್ನಿನ್ಯಾಗೂ 1935 ಆದಮ್ಯಾಲೆ 1945ಕ್ಕ ಎಲೆಕ್ಷನ್ ಆಗಿದ್ದು, ಆವಾಗ ಚರ್ಚಿಲ್ ಸೋತ. ಆದ್ರೂ ನೀವು ಕೇಳಿದ್ದು ಸರಿ ಐತಿ, ಅದನ್ನ ಕೇಳ್ತಾನ ಇರಬೇಕು. ನಾ ಕೇಳೋದು ಬ್ಯಾರೆ. ಆಪರೇಷನ್ ಸಿಂಧೂರ ಟೈಮ್‌ನ್ಯಾಗ ಪಮ್ಮಿ ಒಂದು ಪ್ರಶ್ನೆ ಹಾಕಿದ್ಲು ಇದ ಗ್ರೂಪಿನ್ಯಾಗ, ಅದಕ್ಕ ‘ಯುದ್ಧದಾಗ ಸರ್ಕಾರನ್ನ ಪ್ರಶ್ನೆ ಕೇಳೋರು ದೇಶದ್ರೋಹಿಗಳು’ ಅಂತ ಬರದವರು ಯಾರು

ಪಮ್ಮಿ: ಸ್ಕ್ರೀನ್‌ಶಾಟ್ ಐತಿ ಹಾಕ್ಲ್ಯಾ

ಬಸು ಕಾಕಾ: ಅದು ಬ್ಯಾರೆ ವಿಷಯ. ನಮ್ಮ ಸೈನಿಕರ ಜೀವದ ಪ್ರಶ್ನೆ ಇತ್ತು ಆವಾಗ

ಶಾಂತಕ್ಕ: ಆ ತತ್ತಿ ತಿನ್ನೋರೂ ಸೈನಿಕರ ಕಾಕಾ