ಪದಚರ್ಚೆ: ‘ಶೀಟ್ ಮ್ಯೂಸಿಕ್’ ಎಂಬುದಕ್ಕೆ ‘ಸ್ವರಲಿಪಿ’ ಸಾಕೇ?

ಪ್ರಶ್ನೆ

ಮಾನ್ಯರೇ,

ನಮ್ಮ ಊರಿನ ಕಾಲೇಜೊಂದರಲ್ಲಿ ಮುಂದಿನ ವಾರ ನಡೆಯಲಿರುವ ಎರಡು ದಿನಗಳ ಕಾರ್ಯಾಗಾರದ ಫಲಕವನ್ನೂ ಅದರ ಜೊತೆಯ ಕಿರುಕೈಪಿಡಿಯನ್ನೂ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಪಾಶ್ಚಾತ್ಯ ಸಂಗೀತದ ಬರಹರೂಪವನ್ನು ಮ್ಯೂಸಿಕ್21 ಎಂಬ ತಂತ್ರಾಂಶದಿಂದ ವಿಶ್ಲೇಷಿಸುವುದನ್ನು ಅಲ್ಲಿ ಕಲಿಸುತ್ತಾರೆ. ‘ಶೀಟ್ ಮ್ಯೂಸಿಕ್’ (ಹಾಳೆಯ ಮೇಲೆ ಬರೆದಿಟ್ಟ ಸಂಗೀತ), ‘ಕೀ’, ‘ಕಾರ್ಡ್’ (ಒಟ್ಟಿಗೆ ನುಡಿಯುವ ಕೆಲವು ಸ್ವರಗಳು) ಎಂಬ ಮೂರು ಪದಗಳಿಗೆ ಸದ್ಯಕ್ಕೆ ‘ಸಂಗೀತ ಹಾಳೆ’, ‘ಶ್ರುತಿ’, ‘ಸ್ವರಮೇಳ’ ಎಂದು ಬರೆದಿದ್ದೇನೆ, ಆದರೆ ಒಂದರ ಬಗೆಗೂ ನನಗೆ ಸಮಾಧಾನವಿಲ್ಲ. ಫಲಕವು ಇಂದು ಸಂಜೆಯೇ ಅಚ್ಚಿಗೆ ಹೋಗಬೇಕಾಗಿದೆ, ದಯವಿಟ್ಟು ತಿಳಿದವರು ಹೇಳಬೇಕು.

ಉತ್ತರ 1

‘ಸಂಗೀತ ಹಾಳೆ’ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ದೋಷ, ಬಿಟ್ಟುಬಿಡಿ. ‘ಸ್ವರಲಿಪಿ’ ಎಂಬ ಪದ ಬಹುಕಾಲದಿಂದ ಬಳಕೆಯಲ್ಲಿದೆ. ಫಲಕಕ್ಕೆ ‘ಸ್ವರಲಿಪಿಯ ಗಣಕ ವಿಶ್ಲೇಷಣೆ’ ಎಂದರೆ ಸಾಕು.

ಉತ್ತರ 2

ಮೇಲಿನವರು ಸೂಚಿಸಿದ ನಾಲ್ಕು ಮಾತಿನಲ್ಲಿ ಕನ್ನಡದ್ದು ಷಷ್ಠಿಯ ‘ಅ’ಕಾರವೊಂದೇ. ವ್ಯಾಕರಣ ಓದಿದವನಿಗೆ ‘ಸ್ವರ’ ಎಂದರೆ ಅ, ಆ, ಇ, ಈ. ‘ಸ್ವರಲಿಪಿ’ ಎಂದು ಫಲಕದಲ್ಲಿ ಕಂಡರೆ ಅವನು ತಲಕಟ್ಟು, ಗುಣಿಸುಗಳ ಬಗೆಗೆ ಉಪನ್ಯಾಸವಿದೆಯೆಂದು ತಿಳಿದಾನು. ‘ಗಣಕ’ ಎಂದರೆ ಹಿಂದಿನ ಬಳಕೆಯಲ್ಲಿ ಲೆಕ್ಕ ಹಾಕುವ ಮನುಷ್ಯ, ಜೋಯಿಸ. ಅದು ಯಂತ್ರದ ಹೆಸರಲ್ಲ. ನಮ್ಮಲ್ಲಿ ‘ಇಂಚರ’ ಎಂಬ ಸೊಗಸಾದ ಪದವಿರುವಾಗ ‘ಇಂಚರಬರಹ’ ಎಂದೇಕೆ ಹೇಳಬಾರದು? ಪ್ರತಿ ಹೊಸ ವಿಷಯಕ್ಕೂ ಸಂಸ್ಕೃತದ ಕಡೆಗೆ ಕೈಚಾಚುವ ರೂಢಿಯಿಂದಲೇ ಕನ್ನಡದಲ್ಲಿ ಪದ ಕಟ್ಟುವ ಶಕ್ತಿ ಕುಂದಿದೆ ಎಂಬುದು ನನ್ನ ದೃಢವಾದ ನಂಬಿಕೆ.

ಉತ್ತರ 3

ಪ್ರಶ್ನೆ ಕೇಳಿದವರಿಗೆ ಮೊದಲು ಉತ್ತರಿಸುತ್ತೇನೆ. ‘ಇಂಚರ’ದ ಮಾತನ್ನು ಕೊನೆಗೆ ಎತ್ತಿಕೊಳ್ಳುತ್ತೇನೆ.

ಯಂತ್ರ ಏನನ್ನು ಓದುತ್ತದೆ ಎಂಬುದು ಗೊತ್ತಾಗದೆ ಇಲ್ಲಿ ಪದ ನಿಲ್ಲುವುದಿಲ್ಲ. ಮೆಸಾಚುಸೆಟ್ಸ್‌ನ ಎಂಐಟಿ ಎಂಬ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಮೈಕೆಲ್ ಕತ್‌ಬರ್ಟ್ ಅವರು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಗಾಗಿ ಕಟ್ಟಿದ ಮ್ಯೂಸಿಕ್21 ಈ ವಿಶ್ಲೇಷಣೆಗಾಗಿ ಹಾಡನ್ನು ಕೇಳುವುದೂ ಇಲ್ಲ, ಅಚ್ಚಾದ ಪುಟದ ಚಿತ್ರವನ್ನು ನೋಡುವುದೂ ಇಲ್ಲ. ಚಿತ್ರದಿಂದ ಸ್ವರಗಳನ್ನು ಗುರುತಿಸುವುದು ಬೇರೆಯೇ ಒಂದು ವಿದ್ಯೆ, ಅದಕ್ಕೆ ಆಡಿವೆರಿಸ್‌ನಂತಹ ಬೇರೆ ತಂತ್ರಾಂಶಗಳಿವೆ. ಮ್ಯೂಸಿಕ್21ಕ್ಕೆ ಬೇಕಾಗುವುದು ಮ್ಯೂಸಿಕ್ಎಕ್ಸ್ಎಂಎಲ್‌ನಂತಹ ಪಠ್ಯಕಡತ. ಪ್ರತಿಯೊಂದು ಸ್ವರದ ಹೆಸರು, ಸ್ಥಾಯಿ, ಕಾಲಪ್ರಮಾಣಗಳನ್ನು ಅಕ್ಷರಗಳಲ್ಲಿಯೇ ಬರೆದಿಟ್ಟ ಕಡತವದು. ಅಲ್ಲಿ ಹಾಳೆಯೇ ಇಲ್ಲದಿರುವಾಗ ‘ಸಂಗೀತ ಹಾಳೆ’ ಎಂಬುದು ಸಮಾಸದೋಷಕ್ಕಿಂತ ಮೊದಲು ಅರ್ಥದಲ್ಲಿಯೇ ತಪ್ಪು. ಕಾಗದದ ಮೇಲಿರಲಿ, ಕಡತದಲ್ಲಿರಲಿ, ವಿಶ್ಲೇಷಣೆಗೆ ಒಳಗಾಗುವುದು ಬರಹ. ಆದ್ದರಿಂದ ‘ಸ್ವರಲಿಪಿ’ ಸರಿ. ಸಂಗೀತ ಪಾಠದ ಮನೆಗಳಲ್ಲಿ ‘ನೊಟೇಶನ್ ಬರೆದುಕೊಳ್ಳಿ’ ಎನ್ನುವುದೇ ರೂಢಿ ಎಂಬುದೂ ನಿಜ. ಕೈಪಿಡಿಯ ಒಳಗೆ ಆ ಪದವನ್ನೂ ಒಮ್ಮೆ ಕೊಟ್ಟರೆ ವಿದ್ಯಾರ್ಥಿಗಳಿಗೆ ಅನುಕೂಲ.

ಒಂದು ಎಚ್ಚರಿಕೆ ಬೇಕು. ‘ಸ್ವರಲಿಪಿ’ ಎಂದೊಡನೆ ನಮ್ಮ ಓದುಗನ ಕಣ್ಣಿಗೆ ಕಟ್ಟುವುದು ತಾರಸ್ಥಾಯಿಗೆ ಮೇಲೆ ಚುಕ್ಕಿ, ಮಂದ್ರಕ್ಕೆ ಕೆಳಗೆ ಚುಕ್ಕಿ, ಒಂದು ಅಕ್ಷರಕಾಲಕ್ಕೆ ಅಲ್ಪವಿರಾಮ, ಎರಡಕ್ಕೆ ಅರ್ಧವಿರಾಮ ಇಟ್ಟು, ಆದಿತಾಳವನ್ನು ನಾಲ್ಕು, ಎರಡು, ಎರಡಾಗಿ ಗೀಟು ಹಾಕಿ ಒಡೆದ ಸರಿಗಮದ ಪುಟ. ಅಲ್ಲಿಯ ‘ಸ’ಕ್ಕೆ ಗೊತ್ತಾದ ಎತ್ತರವಿಲ್ಲ, ಹಾಡುವವರು ಹಿಡಿದ ಶ್ರುತಿಯೇ ಅದರ ನೆಲೆ. ಐದು ಗೆರೆಗಳ ಬರಹದಲ್ಲಾದರೋ ಗೆರೆಯ ಮೇಲೆ ಕುಳಿತ ಸ್ವರಕ್ಕೆ ಎತ್ತರವೂ ಗೊತ್ತಾಗಿರುತ್ತದೆ. ಎರಡೂ ಲಿಪಿಗಳು ನಮ್ಮ ನಾಡಿನ ಸುತ್ತಮುತ್ತಲೇ ಬಳಕೆಗೆ ಬಂದಿವೆ. ಚಿನ್ನಸ್ವಾಮಿ ಮೊದಲಿಯಾರರು 1893ರ ಹೊತ್ತಿಗೆ ಮದರಾಸಿನಲ್ಲಿ ತ್ಯಾಗರಾಜರ ಕೃತಿಗಳನ್ನು ಐದು ಗೆರೆಗಳಲ್ಲಿ ಅಚ್ಚು ಹಾಕಿಸಿದರು. ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಎಂಬ ಕೃತಿಸಂಗ್ರಹವನ್ನು ಗಮಕದ (ಸ್ವರದ ಬಳುಕಿನ) ಗುರುತುಗಳ ಸಮೇತ ತೆಲುಗು ಅಕ್ಷರಗಳಲ್ಲಿ ಪ್ರಕಟಿಸಿದರು. ಎರಡಕ್ಕೂ ಒಪ್ಪುವ ಸಾಮಾನ್ಯ ನಾಮ ‘ಸ್ವರಲಿಪಿ’ಯೇ ಆಗಿರುವುದರಿಂದ, ಮೊದಲ ಸಲ ‘ಐದು ಗೆರೆಗಳ ಸ್ವರಲಿಪಿ’ ಎಂದು ಬಿಡಿಸಿ ಬರೆದು, ಮುಂದೆ ‘ಸ್ವರಲಿಪಿ’ ಎಂದಷ್ಟೇ ಬಳಸಿ.

‘ಕೀ’ಗೆ ‘ಶ್ರುತಿ’ ಎಂದು ಮಾತ್ರ ಬರೆಯಬೇಡಿ. ಸಿ ಮೇಜರ್, ಸಿ ಮೈನರ್ ಎರಡಕ್ಕೂ ಆಧಾರ ಸ್ವರ ಒಂದೇ, ಹಾಗಾಗಿ ಶ್ರುತಿಯೂ ಒಂದೇ. ಆದರೆ ಕೀ ಬೇರೆ ಬೇರೆ. ನಮ್ಮವರಿಗೆ ಹೇಳುವುದಾದರೆ, ಒಂದೇ ಶ್ರುತಿಯಲ್ಲಿ ಒಮ್ಮೆ ಧೀರಶಂಕರಾಭರಣ ರಾಗದ ಸ್ವರಗಳು, ಇನ್ನೊಮ್ಮೆ ನಠಭೈರವಿಯವೋ ಕೀರವಾಣಿಯವೋ. ಈ ಭೇದವೇ ತಂತ್ರಾಂಶದ ಕೆಲಸದ ತಿರುಳು. ಕ್ರಮ್‌ಹಾನ್ಸಲ್ ಮತ್ತು ಷ್ಮಕ್ಲರ್ ಅವರ ಕೀ ಗುರುತಿಸುವ ವಿಧಾನದಲ್ಲಿ ಹನ್ನೆರಡು ಸ್ವರಸ್ಥಾನಗಳಲ್ಲಿ ಪ್ರತಿಯೊಂದೂ ಒಟ್ಟು ಎಷ್ಟು ಕಾಲ ನಿಂತಿದೆ ಎಂದು ಕೂಡಿಸಿ, ಆ ಲೆಕ್ಕವನ್ನು ಹನ್ನೆರಡು ಮೇಜರ್, ಹನ್ನೆರಡು ಮೈನರ್, ಒಟ್ಟು 24 ಮಾದರಿಗಳೊಡನೆ ಹೋಲಿಸಿ, ಹೆಚ್ಚು ಹೊಂದಿದ್ದನ್ನು ಆರಿಸುತ್ತಾರೆ. ‘ಶ್ರುತಿ’ ಎಂದು ಬರೆದರೆ ಈ 24ರಲ್ಲಿ ಅರ್ಧ ಕಾಣೆಯಾಗುತ್ತದೆ. ‘ಕೀ’ ಎಂದೇ ಇಟ್ಟು, ‘ಆಧಾರ ಸ್ವರವೂ ಮೇಜರ್–ಮೈನರ್ ಭೇದವೂ ಕೂಡಿದ್ದು’ ಎಂದು ಒಂದು ವಾಕ್ಯದ ವಿವರಣೆ ಕೊಡಿ.

‘ಸ್ವರಮೇಳ’ವೂ ಬೇಡ. ಎಪ್ಪತ್ತೆರಡು ಮೇಳಗಳ ನಾಡಿನಲ್ಲಿ ‘ಮೇಳ’ ಎಂದರೆ ರಾಗಕ್ಕೆ ತಾಯಿಯಾದ ಸ್ವರಶ್ರೇಣಿ. ಏಕಕಾಲದಲ್ಲಿ ನುಡಿಯುವ ಮೂರು ನಾಲ್ಕು ಸ್ವರಗಳಲ್ಲ. ‘ಕಾರ್ಡ್’ ಎಂದೇ ಬಿಟ್ಟರೆ ಅದು ರೇಷನ್ ಕಾರ್ಡಿನ ಕಾರ್ಡೂ ಆಗುತ್ತದೆ, ಕನ್ನಡ ಅಕ್ಷರದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ನಾನು ‘ಸ್ವರಗುಚ್ಛ’ ಎನ್ನುತ್ತೇನೆ. ಮ್ಯೂಸಿಕ್21ರ ಸಂಗ್ರಹದಲ್ಲಿಯೇ ದೊರೆಯುವ, ಜರ್ಮನ್ ಸಂಗೀತಗಾರ ಬಾಖ್‌ನ ಕೋರಾಲ್‌ಗಳಲ್ಲಿ (ಚರ್ಚಿನ ಹಾಡುಗಳಲ್ಲಿ) ನಾಲ್ಕು ಕಂಠಗಳು ತಂತಮ್ಮ ದಾರಿಯಲ್ಲಿ ಸಾಗುತ್ತವೆ. ಯಾವುದಾದರೂ ಒಂದು ಕಂಠ ಸ್ವರ ಬದಲಿಸಿದಾಗಲೆಲ್ಲ ತಂತ್ರಾಂಶವು ಆ ಕ್ಷಣದ ನಾಲ್ಕನ್ನೂ ಮೇಲಿಂದ ಕೆಳಕ್ಕೆ ಒಟ್ಟಿಗೆ ಹಿಡಿದು ಒಂದೊಂದು ಗುಚ್ಛ ಮಾಡುತ್ತದೆ. ಕ್ರಿಯೆಗೆ ಪದ ಹೊಂದುತ್ತದೆ.

ಇನ್ನು ‘ಇಂಚರ’. ಸಕಾರಕ್ಕೆ ಚಕಾರ ಆದೇಶವಾಗಿ ‘ಇನ್’, ‘ಸರ’ ಎರಡೂ ಸೇರಿ ಆದದ್ದು ‘ಇಂಚರ’. ಆ ‘ಸರ’ ಎಲ್ಲಿಯದು? ಸಂಸ್ಕೃತದ ‘ಸ್ವರ’ದ ತದ್ಭವ. ಮುಂಬಾಗಿಲಿನಿಂದ ಹೊರಗೆ ಹಾಕಿದ ಪದವನ್ನೇ ಹಿತ್ತಿಲಿನಿಂದ ಕರೆತಂದು ಅಚ್ಚಗನ್ನಡವೆಂದು ಕೂರಿಸಿದಂತಾಯಿತು. ಅಲ್ಲದೆ ‘ಇನ್’ ಎಂಬುದು ಇನಿದನ್ನು ಹೇಳುತ್ತದೆ, ಲಿಪಿಯು ಇಂಪಾದದ್ದನ್ನೂ ಕರ್ಕಶವಾದದ್ದನ್ನೂ ಸಮವಾಗಿ ಬರೆದಿಡುತ್ತದೆ.

ಉತ್ತರ 2ರವರಿಂದ

‘ಸರ’ ತದ್ಭವವೆಂಬುದು ನನಗೆ ತಿಳಿಯದ ಸಂಗತಿಯಲ್ಲ. ನಮ್ಮ ಉಚ್ಚಾರಣೆಗೆ ಮಣಿದು ಬಂದದ್ದು ನಮ್ಮದು, ಮಣಿಯದೆ ಬಂದದ್ದು ಅತಿಥಿ. ನನ್ನ ತತ್ತ್ವ ಅಷ್ಟೇ. ‘ಫಿಡಲ್’ ಎಂಬುದನ್ನು ‘ಪಿಟೀಲು’ ಮಾಡಿಕೊಂಡ ಜನ ನಾವು. ಆ ವಾದ್ಯಕ್ಕೆ ಏಳು ತಂತಿ ಕಟ್ಟಿ ನುಡಿಸಿದ ಚೌಡಯ್ಯನವರನ್ನು ಪಿಟೀಲು ಚೌಡಯ್ಯ ಎಂದೇ ನಾಡು ಕರೆಯಿತು. ಆ ಪದ ಪರಕೀಯವೆಂದು ಯಾರಿಗೂ ಅನ್ನಿಸಲಿಲ್ಲ. ‘ಗುಚ್ಛ’ದ ಒತ್ತಕ್ಷರದಲ್ಲಿ ಅಂತಹ ಮಣಿತ ಎಲ್ಲಿದೆ? ‘ಸ್ವರಗೊಂಚಲು’ ಎನ್ನಿ.

ಉತ್ತರ 1ರವರಿಂದ

‘ಸ್ವರಗೊಂಚಲು’ ಅರಿಸಮಾಸ.

ಉತ್ತರ 2ರವರಿಂದ

‘ಸರಗೊಂಚಲು’ ಎನ್ನಿ ಹಾಗಾದರೆ. ತದ್ಭವಕ್ಕೆ ಅರಿಸಮಾಸದ ಬಾಧೆಯಿಲ್ಲ.

ಉತ್ತರ 3ರವರಿಂದ

‘ಸರ’ ಎಂದರೆ ಇಂದಿನ ಓದುಗನಿಗೆ ಕೊರಳಿನ ಸರ. ಸಮಾಸ ಶುದ್ಧವಾಯಿತು, ಅರ್ಥ ಹೋಯಿತು. ಆದರೆ ‘ಗೊಂಚಲು’ ಎಂಬ ಪದ ನನ್ನ ‘ಗುಚ್ಛ’ಕ್ಕಿಂತ ಚೆನ್ನಾಗಿದೆ ಎಂದು ಒಪ್ಪುತ್ತೇನೆ. ಸಮಾಸ ಮಾಡದೆ ‘ಸ್ವರಗಳ ಗೊಂಚಲು’ ಎಂದು ವಿಭಕ್ತಿ ಉಳಿಸಿ ಬರೆದರೆ ಇಬ್ಬರ ಆಕ್ಷೇಪವೂ ತೀರುತ್ತದೆ. ‘ಗಣಕ’ದ ವಿಷಯದಲ್ಲಿಯೂ ಉತ್ತರ 2ರವರು ಹೇಳಿದ್ದು ಸರಿ, ಫಲಕದಲ್ಲಿ ‘ಕಂಪ್ಯೂಟರ್’ ಎಂದೇ ಇರಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲ ಹಿರಿಯರಿಗೂ ಕೃತಜ್ಞತೆಗಳು. ಫಲಕವನ್ನು ಈಗಷ್ಟೇ ಅಚ್ಚುಮನೆಗೆ ಕಳುಹಿಸಿದೆ: ‘ಕಂಪ್ಯೂಟರ್ ನೆರವಿನಿಂದ ಸ್ವರಲಿಪಿಯ ವಿಶ್ಲೇಷಣೆ’. ಅದರ ಕೆಳಗಿನ ಸಣ್ಣ ಸಾಲಿನಲ್ಲಿ ‘ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಕೀಯನ್ನೂ ಸ್ವರಗಳ ಗೊಂಚಲನ್ನೂ ಗುರುತಿಸುವ ಬಗೆ’ ಎಂದಿದೆ. ಕೈಪಿಡಿಗೆ ಇನ್ನೂ ಎರಡು ದಿನ ಸಮಯವಿದೆ. ‘ಕೀ’ಗೆ ವಿವರಣೆ ಬೇಡದ ಪದವೊಂದು ಯಾರಿಗಾದರೂ ಹೊಳೆದರೆ ಅಷ್ಟರೊಳಗೆ ತಿಳಿಸಬೇಕೆಂದು ಕೋರುತ್ತೇನೆ.