ಟೆಕ್ಸಾಸ್ ಕರಾವಳಿಯಲ್ಲಿ ಬಾತು ಬೇಟೆ: ಲೈಸೆನ್ಸ್, ತೋಟಾ, ಹಕ್ಕಿಯ ಗುರುತು

ಹ್ಯೂಸ್ಟನ್‌ವಾಸಿ:
ನವೆಂಬರ್‌ನಲ್ಲಿ ಮ್ಯಾಟಗೋರ್ಡಾ ಕಡೆ ಗೈಡ್ ಜೊತೆ ಎರಡು ದಿನದ ಬಾತು ಬೇಟೆ. ಎಚ್-1ಬಿ ವೀಸಾ, ಕೋವಿ ಗೈಡ್‌ನದು. ಕಾಗದಪತ್ರ ಏನೇನು ಬೇಕು? ತೋಟಾ ಯಾವುದು? ದಿನಕ್ಕೆ ಆರು ಬಾತು ಅಂತಾರೆ, ಯಾವ ಆರಾದರೂ ಆಗುತ್ತಾ? ಮಬ್ಬಿನಲ್ಲಿ ಜಾತಿ ತಿಳಿಯೋದು ಹೇಗೆ?

ಚರೆಚೀಲ:
ಮೊದಲು ಲೈಸೆನ್ಸ್. ನಿಮ್ಮಂಥ ವೀಸಾದವರು ಕೋವಿ ಕೈಗೆತ್ತಿಕೊಳ್ಳುವುದನ್ನೇ ಫೆಡರಲ್ ಕಾನೂನು ತಡೆಯುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಕೋವಿ ಯಾರದ್ದಾದರೂ ಲೆಕ್ಕ ಇದೇ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ (ಬೇಟೆ ಸುರಕ್ಷತೆಯ ತರಬೇತಿ) ಬೇಕು. ಜೊತೆಗೆ ವಲಸೆ ಹಕ್ಕಿಗಳ ಎಂಡಾರ್ಸ್‌ಮೆಂಟ್ (ಲೈಸೆನ್ಸಿಗೆ ಸೇರಿಸುವ ಅನುಮತಿ), 25 ಡಾಲರಿನ ಫೆಡರಲ್ ಡಕ್ ಸ್ಟಾಂಪ್ (ಬಾತು ಬೇಟೆಯ ಪರವಾನಗಿ ಚೀಟಿ). ಕಾಗದದ ಸ್ಟಾಂಪಾದರೆ ಅದರ ಮುಖದ ಮೇಲೇ ಇಂಕಿನಲ್ಲಿ ಸಹಿ ಹಾಕಿ; ಸಹಿಯಿಲ್ಲದ್ದು ಲೆಕ್ಕಕ್ಕಿಲ್ಲ.

ಬಾತು ಬೇಟೆಗೆ ಸೀಸದ ಚರೆ 1991ರಿಂದ ದೇಶಾದ್ಯಂತ ನಿಷಿದ್ಧ. ಹಾರಿಸಬೇಕೆಂದೇನಿಲ್ಲ, ಜೇಬಿನಲ್ಲಿ ಸೀಸದ ತೋಟಾ ಒಂದು ಉಳಿದಿದ್ದರೂ ಅಪರಾಧ. ಪಾರಿವಾಳದ ಬೇಟೆಯ ಸೀಸದ ತೋಟಾ ಉಳಿದ ಜಾಕೆಟ್ಟನ್ನೇ ತೊಟ್ಟು ಬಂದವರು ಸಿಕ್ಕಿಬೀಳುವುದು ಹೀಗೇ. 12 ಬೋರ್ (ನಳಿಗೆಯ ಅಳತೆ), 3 ಇಂಚಿನ ತೋಟಾ, ಉಕ್ಕಿನ 2 ಅಥವಾ 4ನೇ ನಂಬರ್ ಚರೆ ಸಾಕು. ಉಕ್ಕು ಹಗುರ, ಬೇಗ ಕಸುವು ಕಳೆದುಕೊಳ್ಳುತ್ತದೆ. ಅದಕ್ಕೇ ಸೀಸಕ್ಕಿಂತ ಎರಡು ಸೈಜ್ ದಪ್ಪ. 35 ಗಜ ದಾಟಿದರೆ ಗಾಯವಾಗುತ್ತದೆ, ಬೀಳುವುದಿಲ್ಲ. ಮಾಡಿಫೈಡ್ ಚೋಕ್ (ನಳಿಗೆ ತುದಿಯ ಮಧ್ಯಮ ಬಿಗಿತ) ಹಾಕಿ. ಫುಲ್ (ಅತಿ ಬಿಗಿ) ಬೇಡ, ಉಕ್ಕು ಸೀಸದ ಹಾಗೆ ಅದುಮಿಕೊಂಡು ಹೋಗದು. ಚೇಂಬರ್ (ಹಾರಿಸಲು ಸಿದ್ಧವಾದ ತೋಟಾ ಕೂರುವ ಜಾಗ) ಸೇರಿ ಮೂರೇ ತೋಟಾ ಹಿಡಿಯುವಂತೆ ಕೋವಿಯೊಳಗೆ ಪ್ಲಗ್ (ತಡೆಗಟ್ಟು) ಇದೆಯೇ ಎಂದು ನೀವೇ ತುಂಬಿ ನೋಡಿ.

ಜೌಗುನೆಲ:
ಯಾವ ಆರಾದರೂ ಆಗದು. ಜಾತಿಗೊಂದು ಮಿತಿ ಉಂಟು: ಆರರೊಳಗೆ ಮಲ್ಲಾರ್ಡ್ ಹೆಚ್ಚೆಂದರೆ 5, ಅದರಲ್ಲಿ ಹೆಣ್ಣು ಎರಡೇ. ರೆಡ್‌ಹೆಡ್ 2. ಮಾಟಲ್ಡ್ ಬಾತು 1, ಅದೂ ಸೀಸನ್ನಿನ ಮೊದಲ ಐದು ದಿನ ಮುಟ್ಟುವಂತಿಲ್ಲ. ಪಿನ್‌ಟೇಲ್ ಬಹಳ ವರ್ಷ 1 ಇದ್ದದ್ದು 2025-26ರಲ್ಲಿ 3 ಆಯಿತು. ಪ್ರತಿ ವರ್ಷದ ಪಟ್ಟಿ ನೋಡಲೇಬೇಕು.

ಮಬ್ಬಿನಲ್ಲಿ ಬಣ್ಣ ನಂಬಬೇಡಿ, ಆಕಾರ ನೋಡಿ. ಉದ್ದ ಕತ್ತು, ಚೂಪು ಬಾಲ: ಪಿನ್‌ಟೇಲ್. ದೇಹದ ಪಕ್ಕದ ರೆಕ್ಕೆಯಲ್ಲಿ ಬಿಳಿ ಚೌಕ: ಗ್ಯಾಡ್‌ವಾಲ್. ನೀಲಿ ರೆಕ್ಕೆಯ ಟೀಲ್‌ಗೂ ಶೊವೆಲರ್‌ಗೂ ರೆಕ್ಕೆಯ ಮುಂಭಾಗ ತಿಳಿನೀಲಿಯೇ. ಸೌಟಿನಂಥ ಕೊಕ್ಕು ಕಂಡರೆ ಶೊವೆಲರ್. ಪಿನ್‌ಟೇಲ್, ಶೊವೆಲರ್, ಗ್ಯಾಡ್‌ವಾಲ್ ಮೂರೂ ಚಳಿಗಾಲದಲ್ಲಿ ನಮ್ಮ ಕರ್ನಾಟಕದ ಕೆರೆಗಳಿಗೆ ಬರುವ ಜಾತಿಗಳೇ. ಅಲ್ಲಿ ದುರ್ಬೀನಿನಲ್ಲಿ ನೋಡಿದವರಿಗೆ ಇಲ್ಲಿ ಅರ್ಧ ಕೆಲಸ ಮುಗಿದಂತೆ.

ತಲೆನೋವು ಅಂದರೆ ಮಾಟಲ್ಡ್. ಗಂಡು ಹೆಣ್ಣು ಎರಡೂ ಮಲ್ಲಾರ್ಡ್ ಹೆಣ್ಣಿನ ತದ್ರೂಪು. ಮಲ್ಲಾರ್ಡ್‌ನ ರೆಕ್ಕೆಯ ನೀಲಿ ಪಟ್ಟಿಗೆ ಎರಡೂ ಕಡೆ ದಪ್ಪ ಬಿಳಿ ಅಂಚು, ಬಾಲದಲ್ಲೂ ಬಿಳಿ. ಮಾಟಲ್ಡ್‌ಗೆ ಮುಂದಿನ ಬಿಳಿ ಅಂಚಿಲ್ಲ, ಮೈ ಇನ್ನೂ ಕಪ್ಪಗೆ.

ಹ್ಯೂಸ್ಟನ್‌ವಾಸಿ:
ಬಿದ್ದ ಹಕ್ಕಿಗಳನ್ನು ಅಲ್ಲೇ ಪುಕ್ಕ ಕಿತ್ತು ಐಸ್‌ಬಾಕ್ಸಿಗೆ ಹಾಕಬಹುದಾ?

ಚರೆಚೀಲ:
ಪೂರ್ತಿ ಬೇಡ. ಮನೆ ಮುಟ್ಟುವವರೆಗೆ ತಲೆ ಅಥವಾ ಪುಕ್ಕವಿರುವ ಒಂದು ರೆಕ್ಕೆ ಅಂಟಿಕೊಂಡೇ ಇರಬೇಕು. ವಾರ್ಡನ್ (ಬೇಟೆ ತಪಾಸಣೆಯ ಅಧಿಕಾರಿ) ಜಾತಿ ಗುರುತಿಸುವುದು ಅದರಿಂದಲೇ. ಕರುಳು ಮಾತ್ರ ಅಲ್ಲೇ ತೆಗೆಯಿರಿ. ಗೈಡ್‌ನ ಹಕ್ಕಿಗಳ ಜೊತೆ ಬೆರೆಸಬೇಡಿ. ನಿಮ್ಮ ಆರು ನಿಮ್ಮ ಹಗ್ಗದಲ್ಲೇ ಇರಲಿ.

ಜೌಗುನೆಲ:
ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಹೊಡೆಯಲು ಕಾನೂನಿನ ಅಡ್ಡಿಯಿಲ್ಲ ನಿಜ. ಆದರೂ ಮೊದಲ ಹತ್ತು ನಿಮಿಷ ಕೋವಿ ಕೆಳಗಿಟ್ಟು ಬರೀ ರೆಕ್ಕೆ ನೋಡಿ.